ತಟ್ಟೆ ತುದಿಯ ಮಾತ್ರೆಗಳು

ಆರ್.ಕೆ.ಪುರಂನ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವನಿಗೆ ನಗುವಿನ ಬರವಿಲ್ಲ. ಅದರಲ್ಲೂ ನನಗೆ! ಹಳ್ಳಿಯಲ್ಲಿ ಹೋರಿಯ ಮೂಗುದಾರ ಹಿಡಿದು ಬೆಳೆದವನು ನಾನು. ದಿಲ್ಲಿಗೆ ಬಂದ ವರ್ಷವೇ ಹಿಂದಿಯಲ್ಲಿ ಜಗಳವಾಡಿ ಗೆದ್ದವನು. ಕನ್ನಡದ ಗಿರಾಕಿಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರಲ್ಲಿ ರಿಟೈರ್ಡ್ ಆಫೀಸರ್ ರಾಯರದ್ದೇ ಒಂದು ಪುರಾಣ.

ಮೂವರು ಡಾಕ್ಟರು

ರಾಯರಿಗೆ ಬಿಪಿ ಮೊದಲೇ ಇತ್ತು, ಈಚೆಗೆ ಎದ್ದು ನಿಂತರೆ ತಲೆಸುತ್ತು. ಮಗಳ ಮದುವೆ ಬೇರೆ ಹತ್ತಿರ ಬಂದಿತ್ತು. "ಧಾರೆ ಎರೆಯುವಾಗಲೇ ಬಿದ್ದರೆ ಏನಯ್ಯಾ ಗತಿ?" ಎಂದು ಒದ್ದಾಡುತ್ತಿದ್ದರು. ಸರ್ಕಾರಿ ದವಾಖಾನೆಯ ಡಾಕ್ಟರು, ಭಾವಮೈದ ತೋರಿಸಿದ ಲಕ್ಷ್ಮೀ ನಗರದ ಡಾಕ್ಟರು, ಬೀಗರಾಗುವವರು ತೋರಿಸಿದ ಗುಡಗಾಂವ್‌ನ ದೊಡ್ಡ ಡಾಕ್ಟರು, ಮೂವರದ್ದೂ ಮಾತ್ರೆ ನಡೆಯುತ್ತಿತ್ತು.

"ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿದ್ದೀರಾ ರಾಯರೇ?"

"ಛೆ! ಒಬ್ಬ ಬೀಗರ ಮನೆಯಲ್ಲಿ ಕೂತು ಇನ್ನೊಬ್ಬರ ಮನೆ ಅಡುಗೆ ಹೊಗಳ್ತಾರೇನಯ್ಯಾ?"

ಬಡಿಸುವ ಕ್ರಮ

ಒಂದು ಮಧ್ಯಾಹ್ನ ಮಾತ್ರೆ ಕೊಡಲು ಅವರ ಮನೆಗೆ ಹೋದೆ. ಅಮ್ಮಾವ್ರು ತಟ್ಟೆ ಇಟ್ಟು ಮಾತ್ರೆ ಬಡಿಸುತ್ತಿದ್ದರು! ಉಪ್ಪಿನ ಜಾಗದಲ್ಲಿ ಸರ್ಕಾರಿ ಮಾತ್ರೆ, ಕೋಸಂಬರಿ ಪಕ್ಕ ಲಕ್ಷ್ಮೀ ನಗರದ್ದು, ಪಲ್ಯದ ಪಕ್ಕ ಗುಡಗಾಂವ್‌ದು.

"ಇವತ್ತು ಒಂದು ಸಾಕು ಕಣೇ."

"ಬಡಿಸಿದ್ದನ್ನು ಬಿಡಬಾರದು ರೀ."

ರಾಯರು ಎಲ್ಲವನ್ನೂ ನುಂಗಿದರು. ಊಟ ಮುಗಿಸಿ ಎದ್ದವರೇ ಗೋಡೆ ಹಿಡಿದರು. "ನೋಡಿದೆಯಾ, ಇಷ್ಟು ನುಂಗಿದರೂ ಸುತ್ತು ನಿಂತಿಲ್ಲ. ನಾಲ್ಕನೇ ಡಾಕ್ಟರು ಯಾರಾದರೂ ಗೊತ್ತೇನಯ್ಯಾ?"

ಚಕ್ಕುಲಿ ಡಬ್ಬಿ

ಹೋರಿ ಹಿಡಿದ ಕೈ ಸುಮ್ಮನಿರುತ್ತದೆಯೇ? ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಚಕ್ಕುಲಿ ಡಬ್ಬಿಗೆ ಸುರಿದೆ. ರಾಯರನ್ನು ಆಟೋಗೆ ಹತ್ತಿಸಿ, "ಚಲೋ ಭಯ್ಯಾ!" ಎಂದೆ. ಸೀದಾ ದವಾಖಾನೆಗೆ ಹೋಗಿ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಕುಕ್ಕಿದೆ.

ಡಾಕ್ಟರು ಒಂದೊಂದೇ ತೆಗೆದು ನೋಡಿ ಹಣೆ ಚಚ್ಚಿಕೊಂಡರು. "ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಔಷಧಿ ಒಂದೇ! ಬಿಪಿ ಇಳಿಸುವುದನ್ನು ಮೂರು ಪಾಲು ನುಂಗಿದರೆ ತಲೆ ಸುತ್ತದೆ ಇನ್ನೇನು ಕುಣಿಯುತ್ತದೆಯೇ?" ಎಂದು ಹಿಂದಿಯಲ್ಲಿ ಬೈದು, ತಮ್ಮದೊಂದನ್ನು ಉಳಿಸಿ ಎರಡನ್ನು ನಿಲ್ಲಿಸಿದರು.

ಹೊರಗೆ ಬಂದ ರಾಯರ ಮುಖದಲ್ಲಿ ಹೊಸ ಚಿಂತೆ. "ಸುತ್ತೇನೋ ನಿಲ್ಲುತ್ತೆ. ಬೀಗರು ತೋರಿಸಿದ ಡಾಕ್ಟರಿಗೆ ಏನಯ್ಯಾ ಹೇಳಲಿ?"

ವಿಶೇಷ ಊಟ

ಧಾರೆಯ ಹೊತ್ತಿಗೆ ರಾಯರು ಗರುಡಗಂಬದ ಹಾಗೆ ನಿಂತರು! "ಅವರನ್ನು ನಿಲ್ಲಿಸಿದವನು ನಾನು!" ಎಂದು ಮಂಟಪದಿಂದ ಅಡುಗೆಮನೆಯವರೆಗೆ ಸಾರಿದೆ. ವಾಲಗಕ್ಕಿಂತ ನನ್ನ ಗಂಟಲೇ ಜೋರಾಗಿತ್ತಂತೆ.

ಮದುವೆ ಮುಗಿದ ಮೇಲೆ ಮನೆಗೆ ಊಟಕ್ಕೆ ಕರೆದರು. ಹೋಳಿಗೆ, ತುಪ್ಪ, ರಾಜಮರ್ಯಾದೆ. ನೋಡಿದರೆ ನನ್ನ ತಟ್ಟೆಯಲ್ಲಿ ಕೋಸಂಬರಿ ಪಕ್ಕ ಒಂದು ಮಾತ್ರೆ, ಪಲ್ಯದ ಪಕ್ಕ ಇನ್ನೊಂದು!

"ಅಮ್ಮಾವ್ರೇ, ಇದೇನಿದು?"

"ರಾಯರಿಗೆ ನಿಲ್ಲಿಸಿದ್ದು ಉಳಿದಿದೆಯಪ್ಪಾ, ಯಾಕೆ ಹಾಳು ಮಾಡೋದು? ಮದುವೆಯಲ್ಲಿ ನೀನು ಕೂಗಿದ್ದು ಕೇಳಿಸಿತು. ನಿನಗೂ ಬಿಪಿ ಇರಬೇಕು."

ಕಾಪಾಡಿ ಎಂಬಂತೆ ರಾಯರ ಕಡೆ ನೋಡಿದೆ. ಅವರು ಹೋಳಿಗೆಯಿಂದ ತಲೆ ಎತ್ತಲೇ ಇಲ್ಲ.

"ಬಡಿಸಿದ್ದನ್ನು ಬಿಡಬಾರದಯ್ಯಾ."