ದವಾಖಾನೆಗೂ ಒಂದು ಪಾಳಿ

ಲೋಕದಲ್ಲಿ ಸುಧಾರಿಸಲು ಬಾರದ ವಸ್ತುವೇ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಸರಿಯಾಗಿ ಲೆಕ್ಕ ಹಾಕಿದರೆ ಅದು ಐದು ವಾರ.

ನಾನು ಶಹಾಪುರದ ಕಡೆ ಒಂದು ಆರೋಗ್ಯ ಕೇಂದ್ರದಲ್ಲಿ ಔಷಧ ಕೊಡುವವನು. ಕಾಲುವೆ ಬಂದಮೇಲೆ ನಮ್ಮ ಕಡೆ ಭತ್ತ ಬಂತು, ಭತ್ತದ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. ಡಾಕ್ಟರು ಮಾತ್ರ ಬರಲಿಲ್ಲ! ಮೂರು ವರ್ಷ ಆ ಕುರ್ಚಿ ಖಾಲಿ. ಜನ ನನ್ನ ಮುಖ ನೋಡುತ್ತಿದ್ದರು, ನಾನು ಸುರಪುರದ ಬಸ್ಸಿನ ದಾರಿ ತೋರಿಸುತ್ತಿದ್ದೆ. ಕೊನೆಗೊಮ್ಮೆ ಯಾದಗಿರಿಯಿಂದ ಒಬ್ಬ ಡಾಕ್ಟರಮ್ಮ ಬಂದರು. ಮೂರನೆಯ ತಿಂಗಳಿಗೇ ಅವರ ಗಂಟಲು ಕಟ್ಟಿತು. ಒಂದು ಮಧ್ಯಾಹ್ನ ತಣ್ಣಗಾದ ಚಹಾ ಮುಂದಿಟ್ಟುಕೊಂಡು ತಲೆ ಹಿಡಿದು ಕುಳಿತಿದ್ದರು.

"ಒಬ್ಬಾಕಿ ಎಷ್ಟು ಮಂದಿನ್ನ ನೋಡ್ಲಿರಿ? ಹಿಂಗ ಗದ್ಲ ಇದ್ರ ನಾ ವರ್ಗ ಕೇಳಿ ಹೋಗ್ತೀನಿ."

ಇವರು ಹೋದರೆ ಮತ್ತೆ ನಾನು, ಖಾಲಿ ಕುರ್ಚಿ ಮತ್ತು ಬಸ್ಸಿನ ದಾರಿ! ಇವರನ್ನು ಉಳಿಸಿಕೊಳ್ಳಲೇಬೇಕೆಂದು ಪಣ ತೊಟ್ಟೆ. ತೊಡು ಎಂದು ಯಾರೂ ಹೇಳಿರಲಿಲ್ಲ.

ಗ್ರಹಚಾರಕ್ಕೆ ಅದೇ ವಾರ ನನ್ನನ್ನು ಯಾದಗಿರಿಗೆ ತರಬೇತಿಗೆ ಕಳಿಸಿದರು. ವಿಷಯ: ಆರೋಗ್ಯ ಸೇವೆಯಲ್ಲಿ ಬದಲಾವಣೆ ಮತ್ತು ಸುಧಾರಣೆಯ ನಿರ್ವಹಣೆ. ಎರಡು ದಿನ, ಒಂದು ಚೀಲ, ಒಂದು ಪೆನ್ನು. ಬದಲಾವಣೆಯನ್ನು ಜನರಿಗೆ ಗೊತ್ತಿರುವ ಪದ್ಧತಿಯಲ್ಲೇ ತರಬೇಕು ಎಂದು ಹೇಳಿಕೊಟ್ಟರು. ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಾಲುವೆ ಕಂಡಿತು. ಕಂಡದ್ದೇ ತಡ, ಹೊಳೆಯಿತು! ಕಾಲುವೆಯ ನೀರಿಗೆ ಪಾಳಿ ಇದೆ, ಒಂದೊಂದು ಊರಿಗೆ ಒಂದೊಂದು ದಿನ. ದವಾಖಾನೆಗೂ ಯಾಕಿರಬಾರದು? ನಮ್ಮ ಕೇಂದ್ರಕ್ಕೆ ಸೇರಿದ ಊರು ಆರು, ವಾರದಲ್ಲಿ ಕೆಲಸದ ದಿನ ಆರು. ದೇವರೇ ಕೂಡಿಸಿಟ್ಟಂತಿತ್ತು.

ಮನೆಗೆ ಬಂದು ಹೆಂಡತಿ ಮಲ್ಲಮ್ಮನಿಗೆ ಹೇಳಿದೆ.

"ನೀರಿನ ಪಾಳಿನ ನೆಟ್ಟಗ ನಡದದೇನ್ರಿ, ದವಾಖಾನಿಗಿ ಹಚ್ಚಾಕ?" ಎಂದಳು.

"ನಿನಗ ಆಡಳಿತ ತಿಳಿಯಂಗಿಲ್ಲ."

"ಇಲ್ಲದ ಉಸಾಬರಿ ತಿಳೀತದ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನವೇ ಫಲಕ ಬರೆದೆ: "ತುರ್ತು ಪ್ರಕರಣಗಳ ಹೊರತು, ಆಯಾ ಗ್ರಾಮದ ರೋಗಿಗಳು ಆಯಾ ದಿನದಂದೇ ರೋಗಗ್ರಸ್ತರಾಗಿ ಹಾಜರಾಗತಕ್ಕದ್ದು." ಡಾಕ್ಟರಮ್ಮ ಸಹಿ ಹಾಕಿದರು. ಓದುವ ತ್ರಾಣ ಅವರಿಗಿರಲಿಲ್ಲ. ಬುಧವಾರದ್ದೊಂದು ತೊಡಕಿತ್ತು, ಅಂದು ಅವರು ತಾಲೂಕಿನ ಮೀಟಿಂಗಿಗೆ ಹೋಗುತ್ತಾರೆ. ಆ ದಿನವನ್ನು ಕಾಲುವೆಯ ಕಟ್ಟಕಡೆಯಲ್ಲಿರುವ ನನ್ನ ಸ್ವಂತ ಊರಿಗೇ ಹಾಕಿದೆ. ನಮ್ಮವರಿಗೆ ನೀರೇ ನೆಟ್ಟಗೆ ಸಿಗುವುದಿಲ್ಲ, ಅಭ್ಯಾಸವಿದೆ, ಬೈಯಲಾರರು ಎಂದುಕೊಂಡೆ.

ಮೊದಲ ವಾರ ಶಾಂತಿಯೋ ಶಾಂತಿ. ಡಾಕ್ಟರಮ್ಮ ಬಿಸಿ ಚಹಾ ಕುಡಿದರು! ನಾನು ಎರಡು ಅಂಗುಲ ಎತ್ತರವಾದೆ.

ಎರಡನೆಯ ವಾರ ಸೋಮವಾರ, ಕಾಲುವೆಯ ಮೇಲ್ತುದಿಯ ಊರಿಗೆ ಊರೇ ಬಂದು ಕೂತಿತ್ತು. ಗಟ್ಟಿಮುಟ್ಟಾಗಿದ್ದ ಒಬ್ಬ ರೈತನನ್ನು ಕೇಳಿದೆ.

"ಏನಾಗ್ಯಾದ?"

"ಏನೂ ಆಗಿಲ್ರಿ."

"ಮತ್ಯಾಕ ಬಂದಿ?"

"ಪಾಳಿ ಅದಲ್ರಿ! ಇವತ್ತ ಬಿಟ್ರ ಎಂಟು ದಿನ ಸಿಗಂಗಿಲ್ಲ. ತೋರಿಸ್ಕೊಂಡು ಇಟ್ಟಿರೂದು ಚಲೋ."

ಹೌದು, ಹರಿಯುವ ನೀರನ್ನು ಯಾರು ಬಿಡುತ್ತಾರೆ? ಬೇಕಿರಲಿ ಬೇಡವಿರಲಿ, ಪಾಳಿ ಬಂದ ದಿನ ಗದ್ದೆ ತುಂಬಿಸಿಕೊಳ್ಳಬೇಕು. ಜನರಿಗೆ ಗೊತ್ತಿರುವ ಪದ್ಧತಿ ಅದೇ!

ಮೂರನೆಯ ವಾರ ಅದಲು ಬದಲು ಶುರುವಾಯಿತು. ಮಂಗಳವಾರದ ಊರಿನವನೊಬ್ಬ ತನ್ನ ಡಾಕ್ಟರ ಪಾಳಿಯನ್ನು ಶುಕ್ರವಾರದ ಊರಿನ ಬೀಗರಿಗೆ ಕೊಟ್ಟು, ಬದಲಿಗೆ ಅವರಿಂದ ಅರ್ಧ ದಿನದ ನೀರು ಪಡೆದ. ಅದನ್ನು ನೋಡಿ ಉಳಿದವರೂ ಕಲಿತರು. ಬಾಗಿಲಲ್ಲಿ ಜವಾನ ಹಣಮಂತ ಪಂಚಾಯಿತಿ ಬಿಡಿಸುತ್ತ ನಿಂತ. ಗದ್ದಲ ಎರಡು ಪಟ್ಟಾಯಿತು, ಡಾಕ್ಟರಮ್ಮ ಮತ್ತೆ ತಲೆ ಹಿಡಿದು ಕುಳಿತರು.

ಆಗಲೇ ಮಲ್ಲಮ್ಮನಿಗೆ ಚಳಿಜ್ವರ ಬಂತು. ಅದೂ ಗುರುವಾರ! ಮಾತ್ರೆ ಕೊಟ್ಟೆ, ಇಳಿಯಿತು, ಮತ್ತೆ ಏರಿತು. ನಿಯಮ ಮಾಡಿದವನೇ ಮುರಿದರೆ ಜನ ಏನೆಂದಾರು? "ಬುಧವಾರ ನೋಡೂಣು" ಎಂದೆ. ಮೀಟಿಂಗು ರದ್ದಾದೀತೆಂದು ಆಸೆಯಿತ್ತು. ಮೀಟಿಂಗುಗಳು ರದ್ದಾಗುವುದಿಲ್ಲ.

ಬುಧವಾರ ದಾಟಿದ ಮರುದಿನ ಬೆಳಿಗ್ಗೆ ಅವಳು ಕಂಬಳಿ ಹೊದ್ದು ನನ್ನ ಸೈಕಲ್ಲಿನ ಹಿಂದೆ ಕುಳಿತು ಬಂದಳು. ಹಲ್ಲು ಕಟಕಟ ಎನ್ನುತ್ತಿದ್ದವು. ಹಣಮಂತ ಬಾಗಿಲಿಗೆ ಅಡ್ಡ ನಿಂತ.

"ಅಕ್ಕಾರ, ಇವತ್ತ ನಿಮ್ಮ ಊರಿನ ಪಾಳಿ ಅಲ್ಲ."

"ಏ, ಇಕಿ ನನ್ನ ಹೇಣ್ತಿ!"

"ಹೌದ್ರಿ ಸರ್. ಖರೆ ಬೋರ್ಡ್ ಭೀ ನಿಮ್ಮದ ಅದಲ್ರಿ."

ನಾನು ಫಲಕದ ಮುಂದೆ ನಿಂತು ವಿನಾಯಿತಿ ಹುಡುಕಿದೆ. ತುರ್ತು ಎಂದರೆ ಏನೆಂದು ನಾನೇ ಬರೆದಿರಲಿಲ್ಲ! ಅಷ್ಟರಲ್ಲಿ ಮಲ್ಲಮ್ಮ ಮೆಟ್ಟಿಲ ಮೇಲೆ ಕುಳಿತೇ ವ್ಯವಹಾರ ಮುಗಿಸಿದ್ದಳು. ಪಕ್ಕದಲ್ಲಿದ್ದ ಗುರುವಾರದ ಊರಿನ ಮುದುಕಿ, "ನನಗೇನೂ ಆಗಿಲ್ಲವ್ವ, ನನ್ನ ಪಾಳಿ ನೀ ತಗೋ. ನಿಮ್ಮ ನೀರಿನ ಪಾಳಿ ಶನಿವಾರ ಅದಲ್ಲ, ಆ ನೀರು ನಮ್ಮ ಗದ್ದಿಗಿ ಬಿಡು" ಎಂದಳು. ಇವಳು ನಡುಗುತ್ತಲೇ ತಲೆಯಾಡಿಸಿದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ನೆಲ ನೋಡುತ್ತ ಅವಳ ಹಿಂದೆ ಒಳಗೆ ಹೋದೆ.

ಡಾಕ್ಟರಮ್ಮ ನಾಡಿ ಹಿಡಿದರು. "ಎಷ್ಟು ದಿನಾತು?"

"ಎಂಟು ದಿನರಿ."

"ಎಂಟು ದಿನಾ! ಮನಿಯವರು ಇಲ್ಲೇ ಇರ್ತಾರ, ಮೊದಲ ಯಾಕ ಬರ್ಲಿಲ್ಲ?"

"ನಮ್ಮ ಪಾಳಿ ಬುಧವಾರ ಅದರಿ. ಆವತ್ತ ನೀವು ಇರಂಗಿಲ್ಲ."

ಡಾಕ್ಟರಮ್ಮ ನನ್ನನ್ನು ನೋಡಿದರು. ರಕ್ತ ತೆಗೆದು, ಔಷಧ ಬರೆದುಕೊಟ್ಟು, ಹೊರಗೆ ಹೋಗಿ ಆ ಫಲಕವನ್ನು ಮೊದಲ ಬಾರಿಗೆ ಪೂರ್ತಿ ಓದಿದರು. ಆಮೇಲೆ ತಾವೇ ಕಿತ್ತು ಕೆಳಗಿಟ್ಟರು.

"ಯಾರಿಗಿ ಯಾವಾಗ ಬ್ಯಾನಿ ಬರ್ತದೋ ಆವಾಗ ಬರ್ರಿ" ಎಂದರು ಜನರಿಗೆ. ಏನೂ ಆಗದವರೆಲ್ಲ ಎದ್ದು ಹೊಲಕ್ಕೆ ಹೋದರು. ಅರ್ಧ ಗದ್ದಲ ಅಲ್ಲಿಗೇ ಕರಗಿತು!

ಸಂಜೆ ಡಾಕ್ಟರಮ್ಮ ಒಂದು ಅರ್ಜಿ ಬರೆಯುತ್ತ ಕುಳಿತಿದ್ದರು. ಮುಗಿಯಿತು ಎಂದುಕೊಂಡೆ.

"ಮೇಡಂ, ವರ್ಗ ಕೇಳಬ್ಯಾಡ್ರಿ. ತಪ್ಪು ನಂದು. ನೀವು ಹೋದ್ರ ಈ ಮಂದಿಗಿ ಯಾರೂ ಇಲ್ಲ."

"ನಾ ಎಲ್ಲೀಗೂ ಹೋಗಂಗಿಲ್ಲ" ಎಂದು ಕಾಗದವನ್ನು ನನ್ನ ಕಡೆ ತಿರುಗಿಸಿದರು.

ಅದರಲ್ಲಿ ನನ್ನ ಹೆಸರಿತ್ತು. "ಸದರಿ ನೌಕರರಲ್ಲಿ ಸುಧಾರಣೆಯ ಉತ್ಸಾಹ ಅಪಾರವಾಗಿದ್ದು, ಅವರ ಸೇವೆಯನ್ನು ರೋಗಿಗಳಿಲ್ಲದ ಸ್ಥಳದಲ್ಲಿ ಬಳಸಿಕೊಳ್ಳಬಹುದು."

ಈಗ ನಾನು ಗುರುಮಠಕಲ್ ಕಡೆ ಒಂದು ಔಷಧ ಗೋದಾಮಿನಲ್ಲಿದ್ದೇನೆ. ಪೆಟ್ಟಿಗೆಗಳು ಬರುತ್ತವೆ, ಹೋಗುತ್ತವೆ. ಯಾವುದೂ ಜಗಳವಾಡುವುದಿಲ್ಲ. ಮಲ್ಲಮ್ಮ ಪೂರ್ತಿ ಗುಣವಾಗಿದ್ದಾಳೆ. ಇಲ್ಲೊಂದು ಮನೆ ನೋಡಿದ್ದೇನೆ, ಬಂದುಬಿಡು ಎಂದು ಎರಡು ಸಲ ಕರೆದೆ.

"ನಾ ಬರಂಗಿಲ್ರಿ" ಎಂದಳು. "ಇಲ್ಲಿ ಡಾಕ್ಟ್ರು ಅದಾರ."