ಅತ್ತೆಯ ಮೇಲೆ ಒಂದು ದೂರು

ಎಲ್ಲಕ್ಕೂ ಮೂಲ ಒಂದು ಕನ್ನಡಕ. ಓದುವ ಕನ್ನಡಕವಲ್ಲ, ಗ್ರೈಂಡಿಂಗ್ ಮಾಡುವಾಗ ಕಿಡಿ ಕಣ್ಣಿಗೆ ಹಾರದಂತೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕನ್ನಡಕ. ಪಂಪ್ ತಯಾರಿಸುವ ಆ ಕಾರ್ಖಾನೆಯಲ್ಲಿ ಬೆಳಗ್ಗೆ ಎಂಟಕ್ಕೆ ಎಲ್ಲರೂ ಅದನ್ನು ಮೂಗಿನ ಮೇಲೆ ಏರಿಸಿದ್ದರು. ಮೂರನೇ ಯಂತ್ರದ ಹೆಂಗಸು ಮಾತ್ರ ಹಣೆಯ ಮೇಲೆ ಏರಿಸಿಕೊಂಡಿದ್ದಳು.

ಕೇಳಬೇಕಾದವಳು ಸೂಪರ್‌ವೈಸರ್. ಆ ಹುದ್ದೆಗೇರಿದ ಮೊದಲ ಹೆಂಗಸು, ಏರಿ ಎಂಟೇ ದಿನ. ತೊಂದರೆಯೆಂದರೆ, ಮೂರನೇ ಯಂತ್ರದಲ್ಲಿದ್ದದ್ದು ಅವಳ ಅತ್ತೆ. ಹತ್ತೊಂಬತ್ತು ವರ್ಷ ಪಳಗಿದ ಕೈ. ಸೊಸೆ ಹುದ್ದೆಯ ಪರೀಕ್ಷೆಗೆ ಓದುವಾಗ, "ಒಲೆ ಕಡೆ ಬಂದ್ರೆ ಕಾಲು ಮುರೀತೀನಿ" ಎಂದು ಅಡುಗೆಮನೆಯಿಂದ ಅಟ್ಟಿದವಳೂ ಆಕೆಯೇ.

"ಅತ್ತೆ, ಕನ್ನಡಕ..."

"ಹಾಕ್ಕೊಂಡಿದೀನಲ್ಲಮ್ಮ."

"ಕಣ್ಣಿಗೆ ಹಾಕ್ಕೋಬೇಕು."

"ಕಣ್ಣಿಗೆ ಹಾಕಿದ್ರೆ ಜಾರಿ ಬಾಯಿಗೆ ಬರುತ್ತೆ. ಹಣೇಲಾದ್ರೆ ನಿಲ್ಲುತ್ತೆ."

ಪಕ್ಕದ ವೆಲ್ಡರ್ ಕೆಲಸ ನಿಲ್ಲಿಸಿದ. ತನ್ನದೊಂದು ಬಿಟ್ಟು ಊರಿನ ಪಂಚಾಯಿತಿಯೆಲ್ಲ ಅವನಿಗೆ ಬೇಕು. "ಮೇಡಂ, ನಿನ್ನೆ ಇದೇ ತಪ್ಪಿಗೆ ನನ್ ಮೇಲೆ ದೂರು ಬರೆದ್ರಿ. ಅತ್ತೆಗೆ ಬೇರೆ ಕಾನೂನಾ?"

ಸ್ಟೋರ್ ಕೀಪರ್ ಕಿವಿಯ ಹತ್ತಿರ ಬಂದ. "ಬರೀಬೇಡಿ ಮೇಡಂ. ಸಂಜೆ ಮನೆಗೆ ಹೋಗ್ಬೇಕಲ್ವಾ ನೀವು?"

ಸೊಸೆ ಉಪಾಯ ಹುಡುಕಿದಳು. ಕನ್ನಡಕಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿದಳು. ಅದು ಹರಿದು ವೆಲ್ಡರನ ಮೂಗಿಗೆ ಬಾರಿಸಿತು. ಟೇಪ್ ಅಂಟಿಸಿದಳು, ಬಿಚ್ಚುವಾಗ ಕೂದಲೂ ಜೊತೆಗೆ ಬಂದು, ಅತ್ತೆ ಹಾಕಿದ ಕೂಗಿಗೆ ಆಚೆ ಶೆಡ್‌ನವರು ಊಟದ ಗಂಟೆಯಾಯಿತೆಂದು ಎದ್ದೇಬಿಟ್ಟರು.

ಹನ್ನೊಂದರ ಹೊತ್ತಿಗೆ ಚಕ್ರದಿಂದ ಹಾರಿದ ಕಿಡಿಯೊಂದು ಅತ್ತೆಯ ಹುಬ್ಬಿಗೆ ತಾಗಿತು. ಸಾಸಿವೆ ಕಾಳಿನಷ್ಟು ಸುಟ್ಟ ಗುರುತು. ಅರ್ಧ ಬೆರಳು ಕೆಳಗಾಗಿದ್ದರೆ ಕಣ್ಣು.

ಸೊಸೆ ಓಡಿ ಬಂದಳು. ಯಂತ್ರ ನಿಲ್ಲಿಸಿ, ಅಲ್ಲೇ ನಿಂತು ದೂರು ಬರೆದಳು. ದೂರು ಯಾರ ಮೇಲೋ ಅವರೇ ಅದನ್ನು ಮ್ಯಾನೇಜರಿಗೆ ಒಯ್ಯಬೇಕೆಂಬುದು ನಿಯಮ.

ಅತ್ತೆ ಪೂರ್ತಿ ಓದಿದಳು. "ಅಕ್ಷರ ದುಂಡಗಿದೆ," ಎಂದಷ್ಟೇ ಹೇಳಿ, ಚೀಟಿಯನ್ನೂ ಕನ್ನಡಕವನ್ನೂ ಹಿಡಿದು ನಡೆದಳು.

ಒಂದು ಗಂಟೆಯಾದರೂ ಪತ್ತೆಯಿಲ್ಲ.

"ಮನೆಗೆ ಕಳಿಸಿಬಿಟ್ರು ಅನ್ಸುತ್ತೆ," ಎಂದ ವೆಲ್ಡರ್.

"ಮನೇಲಿ ಕಾಯ್ತಿರ್ತಾರೆ," ಎಂದ ಸ್ಟೋರ್ ಕೀಪರ್.

ಸೊಸೆ ಊಟದ ಡಬ್ಬಿ ತೆರೆದು, ಹಾಗೇ ಮುಚ್ಚಿಟ್ಟಳು. ತಾನು ಬರೆದದ್ದು ತಪ್ಪಲ್ಲವೆಂದು ಗೊತ್ತಿತ್ತು. ಅದರಿಂದ ಹೊಟ್ಟೆಗೆ ಸಮಾಧಾನವಾಗಲಿಲ್ಲ ಅಷ್ಟೇ.

ಅಷ್ಟರಲ್ಲಿ ಅತ್ತೆ ಬಂದಳು. ಹಿಂದೆ ಮ್ಯಾನೇಜರ್.

"ಏನಮ್ಮಾ, ನಿಮ್ಮತ್ತೆ ಈ ಕನ್ನಡಕ ನನ್ ಮುಖಕ್ಕೇ ಹಾಕಿದ್ರು! ಅಳತೆ ತೆಗೆದು ಮಾಡಿದ ಹಾಗೆ ಕೂತ್ಕೊಳ್ತು. ಆಮೇಲೆ ನಮ್ಮ ಟೈಪಿಸ್ಟ್ ಹುಡುಗಿಗೆ ಹಾಕಿದ್ರು. ಸೀದಾ ನನ್ ಟೀ ಲೋಟಕ್ಕೆ ಬಿತ್ತು. ಇಷ್ಟು ವರ್ಷ ಗಂಡಸರ ಅಳತೇದೇ ತರಿಸ್ತಿದ್ವಿ, ಯಾರೂ ತೋರಿಸಿರ್ಲಿಲ್ಲ. ಚಿಕ್ಕ ಅಳತೇವು ನಾಳೆ ಬರ್ತವೆ. ದೂರು ಬರೆದು ಒಳ್ಳೇದೇ ಮಾಡಿದ್ರಿ."

ಸೊಸೆಗೆ ಹೋದ ಜೀವ ಬಂತು. "ಹಾಗಾದ್ರೆ ಅತ್ತೆ ನಾಳೆಯಿಂದ ಯಂತ್ರಕ್ಕೆ ಬರ್ಬಹುದಾ ಸರ್?"

"ಯಂತ್ರಕ್ಕಾ? ಇವತ್ತಿಂದ ಇಡೀ ಕಾರ್ಖಾನೆಗೆ ಸೇಫ್ಟಿ ಇನ್‌ಚಾರ್ಜ್ ಇವ್ರೇ. ಸೂಪರ್‌ವೈಸರ್‌ಗಳೆಲ್ಲ ಇವರ ಮಾತು ಕೇಳ್ಬೇಕು."

ಶೆಡ್‌ನ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಸೊಸೆ. ಕಣ್ಣಲ್ಲಿ ನೀರೇ ಬಂತು. ತಟ್ಟುತ್ತಿದ್ದ ಹಾಗೇ ಒಂದು ಲೆಕ್ಕ ಹೊಳೆಯಿತು: ಮನೆಯಲ್ಲಿ ಅತ್ತೆಯ ಮಾತು, ಇನ್ನು ಇಲ್ಲೂ ಅತ್ತೆಯ ಮಾತು. ಚಪ್ಪಾಳೆ ತುಸು ನಿಧಾನವಾಯಿತು.

ಅತ್ತೆ ಆಗಲೇ ಶೆಡ್ ಸುತ್ತತೊಡಗಿದ್ದಳು. ಮೂಲೆಯಲ್ಲಿ ನಿಂತು ಕೇಳಿದಳು: "ಬೆಂಕಿ ಆರಿಸೋ ಮರಳಿನ ಬಕೆಟ್‌ಗೆ ಅಡ್ಡ ಈ ಮೇಜು ಇಟ್ಟೋರು ಯಾರು?"

"ನಾನೇ, ಅತ್ತೆ."

ಅತ್ತೆ ಹೊಚ್ಚ ಹೊಸ ದೂರು ಪುಸ್ತಕದ ಮೊದಲ ಹಾಳೆ ತೆರೆದು, ಪೆನ್ನಿನ ಮುಚ್ಚಳ ತೆಗೆದಳು.

"ಹೆಸರು ಹೇಳಮ್ಮ."