ಅವ್ವನ ಬಚ್ಚಲಮನೆಗೆ ಒಳಚಿಲಕ

ಸವೆದ ಚಿಲಕ ಬದಲಿಸುವುದು ಅರ್ಧ ಗಂಟೆಯ ಕೆಲಸ ಎಂದುಕೊಂಡವರ ಮನೆಗಳಲ್ಲೇ ಇಂಥವೆಲ್ಲ ನಡೆಯುತ್ತವೆ. ನಮ್ಮ ಮನೆಯಲ್ಲಿ ಸ್ವಲ್ಪ ಹೆಚ್ಚಾಗಿಯೇ ನಡೆಯುತ್ತವೆ. ಬಡಿಗನನ್ನು ಕರೆಸುವುದು ನಮ್ಮ ಮನೆತನದಲ್ಲಿಲ್ಲ. ಅಪ್ಪ ಬೀದರ್ ಕಡೆಯಿಂದ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ನೌಕರಿಗೆ ಬಂದಾಗ ಹಾಸಿಗೆ ಸುರುಳಿಯೊಳಗೆ ಸ್ಕ್ರೂಡ್ರೈವರ್ ಸುತ್ತಿಕೊಂಡು ಬಂದಿದ್ದರು. ನಾನು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದೆ, ಆದರೂ ಪಿತ್ರಾರ್ಜಿತ ಬಿಡಲಿಲ್ಲ. ನಾಸಿಕದ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷಿಸಿ ತಿರಸ್ಕರಿಸುವ ಹುದ್ದೆಯಲ್ಲಿದ್ದು ಈಗ ನಿವೃತ್ತನಾಗಿದ್ದೇನೆ. ತಿರಸ್ಕರಿಸುವ ಚಟ ಮಾತ್ರ ನಿವೃತ್ತವಾಗಿಲ್ಲ ಎನ್ನುವುದು ನನ್ನ ಹೆಂಡತಿಯ ದೂರು.

ಅಪ್ಪನ ಕೆಲಸ

ಸಂಭಾಜಿನಗರದ ಮನೆಯ ಬಚ್ಚಲಮನೆ ಚಿಲಕ ಎಷ್ಟು ಸವೆದಿತ್ತೆಂದರೆ, ಒಳಗಿದ್ದವರು ಜೋರಾಗಿ ಕೆಮ್ಮಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಅಪ್ಪ ಅದನ್ನು ಕಿತ್ತು, ಗೋದಾಮಿಗೆ ಹಾಕುವಂಥ ಕಬ್ಬಿಣದ ಅಗಳಿ ಕೂಡಿಸಿದರು. ಬೆರಳುದ್ದದ ಸ್ಕ್ರೂ.

"ಬಚ್ಚಲಮನ್ಯಾಗ ಬಂಗಾರ ಇಡ್ಲತ್ತೀರೇನು?" ಎಂದು ಅವ್ವ ಕೇಳಿದ್ದಳು.

"ಕೆಲಸ ಅಂದ್ರ ಹಿಂಗಿರಬೇಕು," ಎಂದಿದ್ದರು ಅಪ್ಪ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅಪ್ಪ ಅದೇ ಅಗಳಿ ಹಾಕಿಕೊಂಡು ಸ್ನಾನಕ್ಕೆ ಹೋದವರು ಒಳಗೇ ಕುಸಿದರು. ಅವ್ವ ಕೂಗಿದಳು. ಅವರ ಜೊತೆಗಿದ್ದ ನನ್ನ ತಮ್ಮ ಬಾಗಿಲು ಬಡಿದ, ಅಕ್ಕಪಕ್ಕದವರು ಬಂದು ಭುಜ ಕೊಟ್ಟು ಗುದ್ದಿದರು. ಹಲಗೆ ಸೀಳಿತು, ಚೌಕಟ್ಟು ಬಿರಿಯಿತು, ಅಗಳಿ ಮಾತ್ರ ಅಲುಗಲಿಲ್ಲ. ಸೀಳಿನೊಳಗೆ ಕೈ ತೂರಿಸಿ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲು ತೆರೆದೇ ಇದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಆ ಮಾತನ್ನು ನಂಬಬೇಕೋ ಬೇಡವೋ ನಾನು ಇನ್ನೂ ತೀರ್ಮಾನಿಸಿಲ್ಲ.

ಅಪ್ಪನ ಮಣ್ಣು ಮುಗಿದ ಮೇಲೆ, ಮುರಿದ ಬಾಗಿಲು ನೋಡಲು ತಮ್ಮ ಒಬ್ಬ ಬಡಿಗನನ್ನು ಕರೆಸಿದ. ಆತ ಅಗಳಿಯನ್ನು ಹಿಡಿದು ಜಗ್ಗಿದ, ಮತ್ತೊಮ್ಮೆ ಜಗ್ಗಿದ. "ಯಾರು ಕೂಡಿಸಿದ್ದು ಇದನ್ನ? ಫಸ್ಟ್ ಕ್ಲಾಸ್ ಕೆಲಸ!" ಎಂದ ಮರಾಠಿಯಲ್ಲಿ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ನೋಡು, ಇದ್ದಾಗ ಒಬ್ಬರೂ ಹೇಳ್ಲಿಲ್ಲ. ಈಗ ಹೇಳ್ಲತ್ತಾರ."

ಮೊಣಕಾಲಿನ ಬಾಗಿಲು

ಅವ್ವನನ್ನು ನಾಸಿಕಕ್ಕೆ ಕರೆತಂದೆ. ಕರೆತಂದ ವಾರವೇ ನಮ್ಮ ಮನೆಯ ಅಷ್ಟೂ ಬಾಗಿಲುಗಳ ಹಿಡಿಕೆ, ಚಿಲಕಗಳನ್ನು ಬದಲಿಸುವುದೆಂದು ಘೋಷಿಸಿದೆ. ಜೊತೆಗೆ ಒಂದು ನಿಯಮ: ಬಚ್ಚಲಮನೆಗೆ ಒಳಚಿಲಕ ಇರಕೂಡದು. ಕಾರಣವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಮಲಗುವ ಕೋಣೆಯ ಬಾಗಿಲಿಗೆ ಒಂದು ಪದ್ಧತಿಯಿತ್ತು. ಹಿಡಿಕೆಯನ್ನು ಮೇಲೆತ್ತಿ, ಕೆಳಗೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟರೆ ತೆರೆಯುತ್ತಿತ್ತು. ಬಂದ ನೆಂಟರಿಗೆ ನೀರು ಕೊಡುವ ಮೊದಲು ನನ್ನ ಹೆಂಡತಿ ಇದನ್ನು ಮಾಡಿ ತೋರಿಸುತ್ತಿದ್ದಳು. ನಾನು ಬಿಜಾಗರಿ ಸರಿಪಡಿಸಿ, ಉಕ್ಕಿನ ಹೊಸ ಹಿಡಿಕೆ ಕೂಡಿಸಿ, ಕಿರುಬೆರಳಿನಿಂದ ತಳ್ಳಿದರೆ ತೆರೆಯುವಂತೆ ಮಾಡಿದೆ.

ಮರುದಿನ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದವಳು ರೂಢಿಯಂತೆ ಹಿಡಿಕೆ ಎತ್ತಿ ಮೊಣಕಾಲು ಕೊಟ್ಟಳು. ಬಾಗಿಲು ಹಾರಿತು. ಹೊಸ ಹಿಡಿಕೆ ಗೋಡೆಗೆ ಬಡಿದು ಗಿಲಾವು ಉದುರಿತು. ಚಹಾ ನನ್ನ ಹೊದಿಕೆಯ ಮೇಲೆ, ಹೆಂಡತಿ ನೆಲದ ಮೇಲೆ.

"ಹಿಡಿಕೆಯನ್ನು ಕೆಳಗೆ ಒತ್ತಬೇಕು, ಎತ್ತಬಾರದು ಅಂತ ನಿನ್ನೆಯೇ ಹೇಳಿದ್ದೆ," ಎಂದೆ.

ಆಕೆ ಮೊಣಕಾಲು ಉಜ್ಜಿಕೊಳ್ಳುತ್ತ ಎದ್ದಳು. "ಇಷ್ಟು ವರ್ಷ ಈ ಮನ್ಯಾಗ ನನ್ನ ಮಾತು ಕೇಳೋದು ಇದೊಂದೇ ಬಾಗಿಲಿತ್ರಿ. ಇದನ್ನೂ ನಿಮ್ಮ ಕಡೆ ಮಾಡ್ಕೊಂಡ್ರಿ."

ಲಕ್ಷ್ಮಿ ಬರುವ ಹೊತ್ತು

ಮುಂಬಾಗಿಲಿಗೆ ನಾನು ಆರಿಸಿದ್ದು ತಾನಾಗಿಯೇ ಬೀಳುವ ಚಿಲಕ. ಮುಂಬಾಗಿಲು ಸದಾ ಮುಚ್ಚಿರಬೇಕೆಂಬುದು ನನ್ನ ಮತ. ದೀಪ ಹಚ್ಚುವ ಹೊತ್ತಿಗೆ ತೆರೆದಿರಬೇಕು, ಇಲ್ಲದಿದ್ದರೆ ಲಕ್ಷ್ಮಿ ವಾಪಸು ಹೋಗುತ್ತಾಳೆ ಎಂಬುದು ಅವ್ವ ಮತ್ತು ಹೆಂಡತಿಯ ಮತ.

ಒಂದು ಸಂಜೆ ನಾನು ತಿರುಗಾಟ ಮುಗಿಸಿ ಬಂದರೆ, ಹೆಂಡತಿ ಉರಿಯುವ ದೀಪಕ್ಕೆ ಕೈ ಅಡ್ಡ ಹಿಡಿದುಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಾಳೆ. ತುಳಸಿಗೆ ದೀಪ ಇಡಲು ಹೊರಬಂದಾಗ ಗಾಳಿಗೆ ಬಾಗಿಲು ಬಿದ್ದಿತ್ತು. ಕೀಲಿಕೈ ಒಳಗೆ, ಅವ್ವನೂ ಒಳಗೆ. ಎದುರುಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವ ಚಿಕ್ಕಮ್ಮ, ಇದನ್ನು ಹೊಸ ಬೀಗದ ಪೂಜೆ ಎಂದು ತಿಳಿದು, ಮನೆಯಿಂದ ಅರಿಸಿನ ಕುಂಕುಮ ತಂದು ಚಿಲಕಕ್ಕೆ ಹಚ್ಚಿ, ಕೈಮುಗಿದು ನಿಂತಿದ್ದರು.

"ಅವ್ವಾ, ಗುಂಡಿಯನ್ನು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸು," ಎಂದೆ ಹೊರಗಿನಿಂದ.

"ತಡಿ, ಅಡಗಿಮನ್ಯಾಗಿನ ಗಡಿಯಾರಾ ನೋಡಿ ಬರ್ತೀನಿ." ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಸಣ್ಣ ಮುಳ್ಳು ಯಾ ಕಡಿಗೂ ಹೋಗವಲ್ದು."

"ಬಲಕ್ಕ! ಬಲಕ್ಕ ತಿರುಗಿಸು!"

"ಆತು, ಚೀರಬ್ಯಾಡ. ಲಕ್ಷ್ಮಿ ಬಂದಾಳೇನು?"

"ಬಂದಾಳ್ರಿ ಅತ್ತಿ," ಎಂದಳು ಹೆಂಡತಿ. "ಇವರು ಕೀಲಿಕೈ ಕೇಳ್ಲತ್ತಾರ."

ಮುಂದಿನ ಸಾಲು

ಒಳಚಿಲಕವಿಲ್ಲದ ಬಚ್ಚಲಮನೆಗೆ ಅವ್ವ ತನ್ನದೇ ವ್ಯವಸ್ಥೆ ಮಾಡಿಕೊಂಡಳು. ತುಂಬಿದ ಬಕೆಟ್ ಒಂದನ್ನು ಬಾಗಿಲಿಗೆ ಒತ್ತಿ ಇಡುತ್ತಿದ್ದಳು. ಒಳಗೆ ಜನ ಇದ್ದಾರೆಂದು ತಿಳಿಯಲಿ ಎಂದು ಭಜನೆಯ ಪದ ಹಾಡುತ್ತಿದ್ದಳು. ಮೊದಲಿಗೆ ನನಗೆ ಕಿರಿಕಿರಿಯಾಯಿತು. ದಿನ ಕಳೆದಂತೆ, ಆ ಹಾಡು ಮುಗಿಯುವವರೆಗೆ ನಾನು ಪೇಪರಿನ ಒಂದೇ ಸಾಲನ್ನು ಓದುತ್ತಿರುತ್ತೇನೆ ಎಂಬುದು ಗಮನಕ್ಕೆ ಬಂತು.

ಒಂದು ದಿನ ಹಾಡು ನಡುವೆ ನಿಂತಿತು.

ಪೇಪರು ಎಲ್ಲಿ ಬಿತ್ತೋ ಗೊತ್ತಿಲ್ಲ. ಅಡುಗೆಮನೆಯಿಂದ ಹೆಂಡತಿ, ಪಡಸಾಲೆಯಿಂದ ನಾನು, ಒಟ್ಟಿಗೆ ಬಾಗಿಲಿಗೆ ಬಿದ್ದೆವು. ಬಕೆಟ್ ಉರುಳಿತು, ನೀರು ನಮ್ಮ ಕಾಲಿಗೆ ಬಂತು.

"ಏನಾತವ್ವಾ?" ಎಂದು ಕೂಗಿದೆ.

"ಏನ್ ಆಗ್ತದ? ಸಾಲು ಮರ್ತೀನಿ," ಎಂದಳು ಅವ್ವ ಒಳಗಿನಿಂದ. "ಮುಂದಿಂದು ನಿನಗ ಗೊತ್ತಿದ್ರ ಹೇಳು, ಇಲ್ಲಂದ್ರ ಬಾಗಿಲಾ ಮುಚ್ಚು. ಥಂಡಿ ಹತ್ತಲತ್ತದ."

ನನಗೆ ಗೊತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ಕಲಿಸಿರಲಿಲ್ಲ.

ಒಂದು ರೂಪಾಯಿ

ಆ ದಿನವೇ ಅವ್ವ ಚೀಲ ತುಂಬಿಕೊಂಡು ಕುರ್ಚಿಯ ಮೇಲೆ ಕುಳಿತಳು. "ಚಿಲಕ ಹಾಕ್ಸು, ಇಲ್ಲಂದ್ರ ನನಗ ಸಂಭಾಜಿನಗರದ ಬಸ್ಸಿಗಿ ಕೂಡ್ಸು."

ತಮ್ಮನಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. "ಇಲ್ಲಿ ಬಾಗಿಲೇ ಇಲ್ಲಣ್ಣ," ಎಂದ. "ಪ್ಲೈವುಡ್ ನಿಲ್ಲಿಸಿ ಹಗ್ಗ ಕಟ್ಟೀನಿ."

"ಅಲ್ಲಿ ಹಗ್ಗಾರ ಅದ!" ಎಂದಳು ಅವ್ವ.

ನಾನು ನಿಯಮ, ಸುರಕ್ಷತೆ ಎಂದು ಏನೇನೋ ಹೇಳಿದೆ. ಆಕೆ ಪೂರಾ ಕೇಳಿಸಿಕೊಂಡಳು. "ನಿಮ್ಮಪ್ಪ ಹ್ವಾದ್ರಂತ ನನ್ನ ಬಾಗಿಲಾ ಕಿತ್ತೀದಿ. ನಾ ಇನ್ನಾ ಇದ್ದೀನಿ."

ಅಂಗಡಿಗೆ ಹೋಗಿ ಹುಡುಕಿ ತಂದೆ. ಒಳಗೆ ಗುಂಡಿ ಒತ್ತಿದರೆ ಚಿಲಕ ಬೀಳುತ್ತದೆ. ಹೊರಗಿನ ಹಿಡಿಕೆಯ ನಡುವಿನ ಸೀಳಿಗೆ ನಾಣ್ಯ ಇಟ್ಟು ತಿರುಗಿಸಿದರೆ ಹೊರಗಿನಿಂದಲೂ ತೆರೆಯುತ್ತದೆ. ಅವ್ವನ ಬಾಗಿಲೂ ಉಳಿಯಿತು, ನನ್ನ ಜೀವವೂ ಉಳಿಯಿತು ಎಂದುಕೊಂಡು ನಾನೇ ಕೂಡಿಸಿದೆ. ಪರೀಕ್ಷಿಸದೆ ಯಾವ ಮಾಲನ್ನೂ ಒಪ್ಪಿದವನಲ್ಲ. ಒಳಗೆ ಹೋಗಿ ಗುಂಡಿ ಒತ್ತಿದೆ. ಬಿತ್ತು. ತೆರೆಯಲು ತಿರುಗಿಸಿದೆ. ಹಿಡಿಕೆ ಗಿರಗಿರ ತಿರುಗಿ ಕೈಗೇ ಬಂತು.

ಹೆಂಡತಿ ತರಕಾರಿಗೆ ಹೋಗಿದ್ದಳು. "ಅವ್ವಾ, ಹೊರಗಿನ ಸೀಳಿಗೆ ಒಂದು ರೂಪಾಯಿ ಇಟ್ಟು ತಿರುಗಿಸು."

"ಮನ್ಯಾಗ ಚಿಲ್ಲರ್ ಎಲ್ಲದ? ನೀವೆಲ್ಲಾ ಫೋನಿನಾಗ ಕೊಡೋ ಮಂದಿ. ಚಾಕು ಹಾಕ್ಲೇನು?"

"ಚಾಕು ಬ್ಯಾಡ! ಹೊಸ ಪಾಲಿಶ್, ಗೀರು ಬೀಳ್ತದ."

ಅವ್ವ ಹೇಳಿದಳು: "ಹಂಗಿದ್ರ ನೆರಿಮನಿಗಿ ಕೇಳಿ ಬರ್ತೀನಿ. ಬರೋತನಾ ಹಾಡ್ಕೋತ ಇರು. ನಿಂದ್ರಬ್ಯಾಡ."

ನನಗೆ ಹಾಡು ಬರುವುದಿಲ್ಲ. ಬಾಯಿಪಾಠವಿದ್ದದ್ದು ಇಂಗ್ಲಿಷ್ ಮಗ್ಗಿ ಮಾತ್ರ. "ಟೂ ಒನ್ಸ್ ಆರ್ ಟೂ" ಎಂದು ಏರುದನಿಯಲ್ಲಿ ಶುರುಮಾಡಿದೆ.

ಅವ್ವ ಮುಂಬಾಗಿಲಿಗೆ ಒರಳಿನ ಗುಂಡು ಅಡ್ಡ ಇಟ್ಟು ನಮ್ಮ ಅಪಾರ್ಟ್‌ಮೆಂಟಿನ ಮಹಡಿ ಮಹಡಿ ಹತ್ತಿದ್ದಾಳೆ. ಪ್ರತಿ ಮನೆಯಲ್ಲೂ ಹೇಳಿದ್ದು ಇಷ್ಟೇ, ಅದೂ ಅಚ್ಚ ಮರಾಠಿಯಲ್ಲಿ: "ಒಂದು ರೂಪಾಯಿ ಇದ್ದರೆ ಕೊಡಿ. ಮಗ ಮನೆಯಲ್ಲೇ ಇದ್ದಾನೆ, ಬಾಗಿಲು ಹಾಕಿಕೊಂಡು ಕೂತಿದ್ದಾನೆ."

ನಾನು ಹದಿನೇಳರ ಮಗ್ಗಿಗೆ ಬರುವಷ್ಟರಲ್ಲಿ ಹೊರಗೆ ಗುಜುಗುಜು ಕೇಳಿಸಿತು. ಕಟ್ಟಡದ ಸೊಸೈಟಿಯ ಚೇರ್ಮನ್ನರು ಬಾಗಿಲು ತಟ್ಟಿದರು. "ಸಾಹೇಬ, ಲೆಕ್ಕ ಆಮೇಲೆ ಮಾಡಿ. ಮೊದಲು ತಾಯಿಗೆ ಒಂದು ರೂಪಾಯಿ ಕೊಡಿ."

ಇಡೀ ಕಟ್ಟಡಕ್ಕೆ ಶಿಸ್ತು ಹೇಳಿದವನು ನಾನು. "ಸೆವೆಂಟೀನ್ ಫೋರ್ಸ್" ಎಂಬಲ್ಲಿಗೆ ನನ್ನ ಬಾಯಿ ಕಟ್ಟಿಹೋಯಿತು.

ಒಮ್ಮೆಲೇ ಅವ್ವನ ದನಿ ಬಂತು. ಆ ದನಿಯನ್ನು ನಾನು ಕೇಳಿರಲಿಲ್ಲ, ಅಪ್ಪ ಹೋದ ಬೆಳಿಗ್ಗೆ ತಮ್ಮ ಕೇಳಿದ್ದ. "ಯಾಕ್ ನಿಂತಿ? ಅನ್ನೋ! ಏನಾರ ಅನ್ನೋ!" ಎರಡೂ ಕೈಯಲ್ಲಿ ಬಾಗಿಲು ಬಡಿಯುತ್ತಿದ್ದಳು.

"ಆರ್ ಸಿಕ್ಸ್‌ಟಿ ಎಯ್ಟ್ ಅವ್ವಾ! ಸೆವೆಂಟೀನ್ ಫೈವ್ಸ್ ಆರ್ ಎಯ್ಟಿ ಫೈವ್!"

ಎದುರುಮನೆಯ ಕಾಕು ದೇವರ ಕಲಶದಿಂದ ತೆಗೆದುಕೊಟ್ಟ ರೂಪಾಯಿಯಲ್ಲಿ ಕೊನೆಗೂ ಬಾಗಿಲು ತೆರೆಯಿತು. ಅವ್ವ ಇಟ್ಟ ನಾಣ್ಯ ಸೀಳು ತಪ್ಪಿ ಮತ್ತೆ ಮತ್ತೆ ಜಾರಿ, ಹೊರಗಿನ ಹಿಡಿಕೆಯ ತುಂಬ ಗೀರು ಬಿದ್ದಿದ್ದವು. ಅವುಗಳನ್ನು ನಾನು ತಿರಸ್ಕರಿಸಲಿಲ್ಲ. ಆಕೆ ನನ್ನ ಕೆನ್ನೆ ಮುಟ್ಟಿ ನೋಡಿ, ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. "ಅವರಿಗೂ ಹಾಡ್ಕೋತ ಜಳಕಾ ಮಾಡ್ರಿ ಅಂತ ಅನ್ಬೇಕಿತ್ತು ನಾ," ಎಂದಳು.

ಕೈಗೆ ಬಂದಿದ್ದ ಒಳಗಿನ ಹಿಡಿಕೆಯನ್ನಷ್ಟೇ ಬದಲಿಸಿದೆ. ಚೀಲವನ್ನು ಹೆಂಡತಿಯೇ ಬಿಚ್ಚಿಟ್ಟಳು. ಕಲಶದ ರೂಪಾಯಿ ಈಗ ಬಚ್ಚಲಮನೆಯ ಹೊರಗೆ ದಾರದಲ್ಲಿ ತೂಗುತ್ತದೆ. ಅವ್ವ ದಿನವೂ ಒಳಗಿನಿಂದ ಚಿಲಕ ಹಾಕಿಕೊಂಡು, ಸಾಲು ಮರೆತರೆ ಮೊದಲಿನಿಂದ ಶುರುಮಾಡುತ್ತಾಳೆ. ನಾನು ಸ್ನಾನಕ್ಕೆ ಹೋದರೆ ಹೊರಗೆ ಮಣೆ ಹಾಕಿಕೊಂಡು ಕೂರುತ್ತಾಳೆ. ನಿನ್ನೆ ಸೋಪು ಬಾಯಿಗೆ ಬಂದು ಚೂರು ಸುಮ್ಮನಾದೆ.

"ಮಗ್ಗಿ!" ಎಂದಳು ಅವ್ವ.

"ಇವತ್ತ ಹತ್ತೊಂಬತ್ತರದು ಅನ್ರಿ," ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ಹದಿನೇಳರದು ಎದುರುಮನಿ ಕಾಕುಗೂ ಬಾಯಿಪಾಠ ಆಗ್ಯಾದ."